ಬ್ರಿಜೆಂಡ್: ಬಾನೆಟ್ ಕೆಳಗೆ ಅಡಗಿದ್ದ ಊರು

ಕಾರಿನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಅದರೊಳಗಿನ ಎಂಜಿನ್ ಯಾವ ಊರಿನದು ಅಂತ ಕೇಳಿ ನೋಡಿ. ಆ ಕಾರನ್ನು ಹತ್ತು ವರ್ಷ ಓಡಿಸಿದವರಿಗೂ ಗೊತ್ತಿರುವುದಿಲ್ಲ.

ಬ್ರಿಟನ್‌ನ ವೇಲ್ಸ್ ಪ್ರಾಂತ್ಯದ ಬ್ರಿಜೆಂಡ್‌ನಲ್ಲಿ ಫೋರ್ಡ್ ಕಂಪನಿಯ ಎಂಜಿನ್ ಕಾರ್ಖಾನೆ ಇತ್ತು. 1980ರಲ್ಲಿ ಶುರುವಾಗಿ 2020ರ ಸೆಪ್ಟೆಂಬರ್ 25ರಂದು ಬಾಗಿಲು ಹಾಕಿತು. ಈ ನಲವತ್ತು ವರ್ಷಗಳಲ್ಲಿ ಮಾಡಿದ್ದು 2 ಕೋಟಿ 20 ಲಕ್ಷಕ್ಕೂ ಜಾಸ್ತಿ ಎಂಜಿನ್. ಅಲ್ಲಿ ಕಾರು ಜೋಡಿಸುತ್ತಿರಲಿಲ್ಲ. ಎಂಜಿನ್ ಮಾಡಿ ಬೇರೆ ಊರುಗಳ ಕಾರು ಕಾರ್ಖಾನೆಗಳಿಗೆ ಕಳಿಸುತ್ತಿದ್ದರು, ಅಷ್ಟೇ. ಅಲ್ಲಿ ಅದು ಬಾನೆಟ್ ಕೆಳಗೆ ಸೇರಿಕೊಂಡ ಮೇಲೆ ಬ್ರಿಜೆಂಡ್ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ನಾನೂ ಕೆಲವು ವರ್ಷ ಮೆಷಿನ್ ಶಾಪ್‌ನಲ್ಲಿ, ಸಿಲಿಂಡರ್ ಬ್ಲಾಕ್ (ಎಂಜಿನ್‌ನ ಮುಖ್ಯ ಒಡಲು) ಲೈನ್ ಮೇಲೆ ನಿಂತವನು. ಅದಕ್ಕೇ ಈ ಕಾರ್ಖಾನೆಯ ಕತೆ ನನ್ನನ್ನು ಸುಮ್ಮನೆ ಬಿಡುತ್ತಿಲ್ಲ. ಇದು 2020ರಲ್ಲಿ ಮುಚ್ಚಿತು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಅದು ಮುಚ್ಚುವುದು ಅದಕ್ಕೆ ಎಷ್ಟೋ ವರ್ಷ ಮೊದಲೇ ತೀರ್ಮಾನವಾಗಿ ಹೋಗಿತ್ತು ಅಂತ ನನಗೆ ಅನಿಸುತ್ತದೆ. ಒಂದೇ ದಿನ ಅಲ್ಲ, ಒಂದೇ ಕೋಣೆಯಲ್ಲೂ ಅಲ್ಲ.

ಮೊದಲು ಊರಿನ ಬಗ್ಗೆ ಎರಡು ಮಾತು. ಬ್ರಿಜೆಂಡ್ ಇರುವುದು ವೇಲ್ಸ್‌ನ ದಕ್ಷಿಣದಲ್ಲಿ, ಕಾರ್ಡಿಫ್‌ನಿಂದ ಸುಮಾರು 30 ಕಿ.ಮೀ. ಪಶ್ಚಿಮಕ್ಕೆ. ಊರಿನ ಉತ್ತರಕ್ಕೆ ಕಲ್ಲಿದ್ದಲಿನ ಕಣಿವೆಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಮದ್ದುಗುಂಡು ತಯಾರಿಸುವ ದೊಡ್ಡ ಸರ್ಕಾರಿ ಕಾರ್ಖಾನೆ ಇತ್ತು. ಒಂದು ಹಂತದಲ್ಲಿ ಅಲ್ಲಿ ಸುಮಾರು 40,000 ಜನ ದುಡಿಯುತ್ತಿದ್ದರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಅಂದರೆ ಶಿಫ್ಟ್ ಲೆಕ್ಕದಲ್ಲಿ ಬದುಕುವುದು ಈ ಊರಿನ ಜನಕ್ಕೆ ಫೋರ್ಡ್ ಬಂದು ಕಲಿಸಿದ್ದಲ್ಲ.

1970ರ ದಶಕದಲ್ಲಿ ಫೋರ್ಡ್ ಯುರೋಪಿನಲ್ಲಿ ಹೊಸ ಎಂಜಿನ್ ಕಾರ್ಖಾನೆಗೆ ಜಾಗ ಹುಡುಕುತ್ತಿತ್ತು. ಆಗ ಬ್ರಿಟನ್ ಪ್ರಧಾನಿ ಜೇಮ್ಸ್ ಕ್ಯಾಲಹನ್. ಅವರು ಸಂಸತ್ತಿಗೆ ಗೆದ್ದು ಬಂದಿದ್ದೇ ಕಾರ್ಡಿಫ್‌ನಿಂದ. ಕಾರ್ಖಾನೆ ವೇಲ್ಸ್‌ಗೇ ಬರಬೇಕು ಅಂತ ಫೋರ್ಡ್ ಕಂಪನಿಯ ಮುಖ್ಯಸ್ಥ ಹೆನ್ರಿ ಫೋರ್ಡ್ ಎರಡನೆಯವರ ಹತ್ತಿರ ಅವರೇ ಮಾತಾಡಿದರು. ಸರ್ಕಾರ ಸಹಾಯಧನವನ್ನೂ ಕೊಟ್ಟಿತು. 1977ರಲ್ಲಿ ತೀರ್ಮಾನವಾಯಿತು, 1980ರಲ್ಲಿ ಎಂಜಿನ್ ಬರತೊಡಗಿತು.

ಮೊದಲ ಎಂಜಿನ್ ಸಿವಿಎಚ್. ಅದು ಹೋಗಿ ಕೂತಿದ್ದು ಹೊಸ ಮಾದರಿಯ ಫೋರ್ಡ್ ಎಸ್ಕಾರ್ಟ್‌ನಲ್ಲಿ. ಆ ಎಸ್ಕಾರ್ಟ್ 1981ರಲ್ಲಿ ಯುರೋಪಿನ ವರ್ಷದ ಕಾರು ಅನಿಸಿಕೊಂಡಿತು. ಆ ದಶಕದಲ್ಲಿ ಬ್ರಿಟನ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಕಾರೂ ಅದೇ. ಹೆಸರು ಕಾರಿಗೆ ಹೋಯಿತು, ಬ್ರಿಜೆಂಡ್‌ಗೆ ಹೋಗಿದ್ದು ಇನ್ನಷ್ಟು ಆರ್ಡರ್. ಅದು ಸಣ್ಣ ವಿಷಯ ಅಲ್ಲ. 1984–85ರ ದೊಡ್ಡ ಮುಷ್ಕರದ ನಂತರ ಪಕ್ಕದ ಕಣಿವೆಗಳ ಗಣಿಗಳು ಒಂದೊಂದಾಗಿ ಮುಚ್ಚಿದವು. ಅಂಥ ಹೊತ್ತಿನಲ್ಲಿ ಆ ಸೀಮೆಯಲ್ಲಿ ಒಳ್ಳೆಯ ಸಂಬಳದ ಕಾಯಂ ಕೆಲಸ ಸಿಗುತ್ತಿದ್ದ ಕೆಲವೇ ಜಾಗಗಳಲ್ಲಿ ಇದೂ ಒಂದು.

ಎಂಜಿನ್ ಕಾರ್ಖಾನೆ ಹೇಗೆ ನಡೆಯುತ್ತದೆ ಅಂತ ಇಲ್ಲಿ ಹೇಳಲೇಬೇಕು. ಎರಕ ಹೊಯ್ದ ಬ್ಲಾಕ್ ಒರಟಾಗಿ ಬರುತ್ತದೆ. ಅದನ್ನು ಮಿಲ್ಲಿಂಗ್ ಮಾಡಿ, ಡ್ರಿಲ್ ಮಾಡಿ, ಬೋರ್ ಮಾಡಿ, ಕೊನೆಗೆ ಹೋನಿಂಗ್ ಮಾಡುತ್ತಾರೆ, ಅಂದರೆ ಸಿಲಿಂಡರ್ ಒಳಮೈಯನ್ನು ಉಜ್ಜಿ ನಯ ಮಾಡುತ್ತಾರೆ. ಅಲ್ಲಿ ಅಳತೆ ಮೈಕ್ರಾನ್‌ಗಳಲ್ಲಿ (ಮಿಲಿಮೀಟರ್‌ನ ಸಾವಿರದ ಒಂದು ಪಾಲು), ಅಂದರೆ ಒಂದು ತಲೆಗೂದಲಿನ ದಪ್ಪ ಅಲ್ಲಿ ದೊಡ್ಡ ತಪ್ಪು. ಟೂಲ್ ಸ್ವಲ್ಪ ಸವೆದರೂ ಅನುಭವ ಇರುವವನಿಗೆ ಶಬ್ದದಲ್ಲೇ ಗೊತ್ತಾಗುತ್ತದೆ. ಆ ಕಿವಿ ಬರಲು ವರ್ಷಗಳು ಬೇಕು.

ಆದರೆ ಆ ಮೆಷಿನ್‌ಗಳ ಲೈನ್ ಒಂದು ಎಂಜಿನ್ ಕುಟುಂಬಕ್ಕೆ ಅಂತಲೇ ಕಟ್ಟಿದ್ದು. ಅದರಲ್ಲೂ ಬ್ಲಾಕನ್ನು ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ತಾನೇ ಸಾಗಿಸುವ ಹಳೆಯ ಟ್ರಾನ್ಸ್‌ಫರ್ ಲೈನ್‌ಗಳಲ್ಲಿ ಬೇರೆ ಬ್ಲಾಕ್ ಹಾಕಿ ಮಾಡುವುದು ಆಗದ ಮಾತು. ಹೊಸ ಎಂಜಿನ್ ಬೇಕೆಂದರೆ ಹೊಸ ಲೈನ್ ಬೇಕು, ಅದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕು. ಹಾಗಾಗಿ ಇಂಥ ಕಾರ್ಖಾನೆಯ ಆಯಸ್ಸು ಇವತ್ತು ಎಷ್ಟು ಎಂಜಿನ್ ಹೋಯಿತು ಅನ್ನುವುದರ ಮೇಲೆ ನಿಂತಿರುವುದಿಲ್ಲ. ಮುಂದಿನ ಎಂಜಿನ್ ಯಾರಿಗೆ ಕೊಡುತ್ತಾರೆ ಅನ್ನುವುದರ ಮೇಲೆ ನಿಂತಿರುತ್ತದೆ. ಅದನ್ನು ತೀರ್ಮಾನಿಸುವವರು ಕೂತಿರುವುದು ಬೇರೆಲ್ಲೋ.

ಬ್ರಿಜೆಂಡ್‌ಗೆ ಬಹಳ ಕಾಲ ಮುಂದಿನ ಎಂಜಿನ್ ಸಿಗುತ್ತಲೇ ಹೋಯಿತು. 90ರ ದಶಕದಲ್ಲಿ ಫೋರ್ಡ್‌ನ ಜೆಟೆಕ್ ಎಂಜಿನ್ ಬಂತು. 1996ರಲ್ಲಿ ಜಾಗ್ವಾರ್‌ನ ಎಂಟು ಸಿಲಿಂಡರ್‌ನ ವಿ8 ಎಂಜಿನ್ ಬಂತು, ಯಾಕೆಂದರೆ ಆಗ ಜಾಗ್ವಾರ್ ಫೋರ್ಡ್ ಕೈಯಲ್ಲಿತ್ತು. ಎಕ್ಸ್‌ಕೆ8ನಂಥ ಐಷಾರಾಮಿ ಕಾರಿನ ಹೃದಯ ಹುಟ್ಟುತ್ತಿದ್ದುದು ಗಣಿ ಕಾರ್ಮಿಕರ ಮಕ್ಕಳು ಕೆಲಸ ಮಾಡುವ ಈ ಶೆಡ್‌ನಲ್ಲಿ. ನನಗೆ ಈ ಇಡೀ ಕತೆಯಲ್ಲಿ ತುಂಬ ಇಷ್ಟವಾಗುವ ಭಾಗ ಇದು. ಆಮೇಲೆ 2006ರಲ್ಲಿ ವೋಲ್ವೋದ ಆರು ಸಿಲಿಂಡರ್ ಎಂಜಿನ್ ಕೂಡ ಸೇರಿತು.

2008ರಲ್ಲಿ ಫೋರ್ಡ್ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಟಾಟಾ ಮೋಟರ್ಸ್‌ಗೆ ಮಾರಿತು. ನಮ್ಮ ದೇಶದಲ್ಲಿ ಎಲ್ಲರೂ ಹೆಮ್ಮೆಪಟ್ಟ ಸುದ್ದಿ, ನಾನೂ ಪಟ್ಟೆ. ಎಂಜಿನ್ ಮಾತ್ರ ಬ್ರಿಜೆಂಡ್‌ನಿಂದಲೇ ಹೋಗುತ್ತಿತ್ತು, ಆದ್ದರಿಂದ ಶೆಡ್ ಒಳಗೆ ಏನೂ ಬದಲಾದ ಹಾಗೆ ಕಾಣಲಿಲ್ಲ. ಆದರೆ ಮನೆಯವನಾಗಿದ್ದ ಗಿರಾಕಿ ಈಗ ಹೊರಗಿನವನಾಗಿದ್ದ. 2010ರಲ್ಲಿ ವೋಲ್ವೋ ಕೂಡ ಚೀನಾದ ಗೀಲಿ ಪಾಲಾಯಿತು. 2014ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ವೊಲ್ವರ್‌ಹ್ಯಾಂಪ್ಟನ್ ಬಳಿ ತನ್ನದೇ ಎಂಜಿನ್ ಕಾರ್ಖಾನೆ ತೆರೆಯಿತು. ಸ್ವಂತ ಎಂಜಿನ್ ಮಾಡುವವರು ಇನ್ನೊಬ್ಬರಿಂದ ಎಷ್ಟು ದಿನ ಕೊಳ್ಳುತ್ತಾರೆ? ಬ್ರಿಜೆಂಡ್‌ನಿಂದ ಎಂಜಿನ್ ಕೊಳ್ಳುವ ಅವರ ಒಪ್ಪಂದ 2020ಕ್ಕೆ ಮುಗಿಯಲಿತ್ತು.

ಉಳಿದ ಆಸೆ ಫೋರ್ಡ್‌ನದೇ ಹೊಸ ಪೆಟ್ರೋಲ್ ಎಂಜಿನ್ ಮೇಲೆ. ಅದರ ಹೆಸರು ಡ್ರ್ಯಾಗನ್. ವೇಲ್ಸ್‌ನ ಬಾವುಟದ ಮೇಲಿರುವುದೂ ಡ್ರ್ಯಾಗನ್ನೇ, ಅದು ಅಲ್ಲಿಯವರಿಗೆ ಶುಭಶಕುನ ಅನಿಸಿದ್ದರೆ ಆಶ್ಚರ್ಯ ಇಲ್ಲ. 2015ರಲ್ಲಿ ವರ್ಷಕ್ಕೆ 2,50,000 ಎಂಜಿನ್ ಅಂದರು. ಒಂದೇ ವರ್ಷದಲ್ಲಿ, 2016ರಲ್ಲಿ, ಅದನ್ನು 1,25,000ಕ್ಕೆ ಇಳಿಸಿದರು. ನನ್ನ ಲೆಕ್ಕದಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿದ್ದು ಆವತ್ತೇ. ಅಷ್ಟು ದೊಡ್ಡ ಶೆಡ್, ಅಷ್ಟು ಮೆಷಿನ್, ಅಷ್ಟು ಜನ. ಅರ್ಧ ಸಂಖ್ಯೆಯ ಎಂಜಿನ್ ಮೇಲೆ ಆ ಖರ್ಚೆಲ್ಲ ಹಾಕಿದರೆ ಒಂದೊಂದು ಎಂಜಿನ್ ದುಬಾರಿಯಾಗಲೇಬೇಕು.

2019ರ ಜೂನ್ 6ರಂದು ಮುಚ್ಚುವ ಘೋಷಣೆ ಬಂತು. ಸುಮಾರು 1,700 ಜನರ ಕೆಲಸ. ಇಲ್ಲಿ ಖರ್ಚು ಜಾಸ್ತಿ, ಮುಂದೆ ಕೊಡಲು ಬೇರೆ ಎಂಜಿನ್ ಇಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವುದು, ಕಾರಣ ಅಲ್ಲ ಅಂತಲೂ ಹೇಳಿತು. ಖರ್ಚಿನ ಮಾತು ಸುಳ್ಳಲ್ಲ, ನಾನು ಒಪ್ಪುತ್ತೇನೆ. ಆದರೆ ಖರ್ಚು ಜಾಸ್ತಿಯಾಗಿದ್ದು ಸಂಖ್ಯೆ ಇಳಿಸಿದ್ದರಿಂದಲೂ ಹೌದಲ್ವಾ? ಅದು ಲೈನ್ ಮೇಲೆ ನಿಂತವರು ಮಾಡಿದ ತೀರ್ಮಾನ ಅಲ್ಲ. ಸಹಾಯಧನ ಕೊಡುವಾಗ ಸರ್ಕಾರಗಳು ಎಷ್ಟು ಜನಕ್ಕೆ ಕೆಲಸ ಅಂತ ಕೇಳುತ್ತವೆ. ಮುಂದಿನ ಎಂಜಿನ್ ಯಾವುದು, ಅದೂ ಇಲ್ಲೇ ಆಗುತ್ತದಾ ಅಂತ ಬರವಣಿಗೆಯಲ್ಲಿ ಕೇಳಬೇಕು. ಜನರ ದುಡ್ಡು ಹಾಕಿದ ಮೇಲೆ ಅಷ್ಟು ಕೇಳುವ ಹಕ್ಕು ಇದ್ದೇ ಇದೆ.

ಆಮೇಲೆ ಇನ್ನೊಂದು ಆಸೆ ಹುಟ್ಟಿತ್ತು. ಇನಿಯೋಸ್ ಕಂಪನಿ ತನ್ನ ಗ್ರೆನೇಡಿಯರ್ ಜೀಪನ್ನು ಬ್ರಿಜೆಂಡ್‌ನಲ್ಲೇ ಮಾಡುತ್ತೇವೆ ಅಂತ 2019ರ ಸೆಪ್ಟೆಂಬರ್‌ನಲ್ಲಿ ಹೇಳಿತು. 2020ರ ಕೊನೆಗೆ ಫ್ರಾನ್ಸ್‌ನ ಹಂಬಾಕ್‌ನಲ್ಲಿದ್ದ ಸಿದ್ಧ ಕಾರ್ಖಾನೆಯನ್ನು ಕೊಂಡು ಅಲ್ಲಿಗೆ ಹೋಯಿತು.

ಅಷ್ಟರಲ್ಲಿ ಎಂಜಿನ್ ಲೈನ್ ನಿಂತಾಗಿತ್ತು. ಅದು ಕೊರೊನಾ ಕಾಲ. ಎಷ್ಟೋ ವರ್ಷ ಒಂದೇ ಶಿಫ್ಟ್‌ನಲ್ಲಿ ದುಡಿದವರು ಸರಿಯಾಗಿ ಕೈ ಕುಲುಕಿ ಬೀಳ್ಕೊಡುವುದಕ್ಕೂ ಅವಕಾಶ ಇಲ್ಲದ ಕಾಲ. ಆ ದಿನವನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಈಗ ಆ ಜಾಗದಲ್ಲಿ ಡೇಟಾ ಸೆಂಟರ್‌ಗಳನ್ನು ಕಟ್ಟುವ ಯೋಜನೆ ಇದೆ. ಅಲ್ಲೂ ಮೆಷಿನ್‌ಗಳು ಹಗಲು ರಾತ್ರಿ ಓಡುತ್ತವೆ. ಟೂಲ್ ಸವೆದ ಶಬ್ದ ಕಿವಿಯಲ್ಲೇ ಹಿಡಿಯುತ್ತಿದ್ದವರಿಗೆ ಅಲ್ಲಿ ಏನು ಕೆಲಸ ಇರುತ್ತದೋ, ನನಗೆ ಆ ಯೋಚನೆ.