ಸತ್ಯಾಂಶ: ಡಿಸೆಂಬರ್ 31ಕ್ಕೆ ಹುಟ್ಟಿದವರಿಗೆ ಸಂಗೀತ ಒಲಿಯುತ್ತಾ?

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜು: ಮಲ್ಲಿಕಾರ್ಜುನ ಮನ್ಸೂರ, ಜಾನ್ ಡೆನ್ವರ್, ಡೊನ್ನಾ ಸಮ್ಮರ್, ಸೈ (Psy), ಈ ನಾಲ್ವರು ಗಾಯಕರೂ ಹುಟ್ಟಿದ್ದು ಡಿಸೆಂಬರ್ 31ಕ್ಕೆ, ಇದು ಕೋಟಿಗೊಂದು ಯೋಗ ಅಂತ.

ತಾರೀಖು ಸರಿ ಇದೆ. ಇಸವಿ ಮಾತ್ರ 1910, 1943, 1948, 1977. ಒಬ್ಬರದು ಹಿಂದೂಸ್ತಾನಿ ಖಯಾಲ್, ಒಬ್ಬರದು ಅಮೆರಿಕದ ಕಂಟ್ರಿ ಸಂಗೀತ, ಇನ್ನೊಬ್ಬರದು ಡಿಸ್ಕೊ, ಕೊನೆಯವರದು ಕೊರಿಯಾದ ಪಾಪ್. ಆದರೆ ಕೋಟಿಗೊಂದು ಅನ್ನೋದು ಸುಳ್ಳು. ಬರೀ 23 ಜನ ಸೇರಿದರೂ ಅವರೊಳಗೆ 253 ಜೋಡಿ ಆಗುತ್ತವೆ, ಹಾಗಾಗಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಜಗತ್ತಿನಲ್ಲಿ ಹೆಸರಾದ ಗಾಯಕರು ಸಾವಿರಾರು, ದಿನಗಳು 366 ಅಷ್ಟೇ ಅಲ್ವಾ? ಫೆಬ್ರವರಿ 4 ತೆಗೆಯಿರಿ, ರೋಣದ ಭೀಮಸೇನ ಜೋಶಿಯವರ ಜೊತೆ ರಾಕ್ ಗಾಯಕ ಆಲಿಸ್ ಕೂಪರ್ ಸಿಗುತ್ತಾರೆ. (ನಮ್ಮ ಕಡೆ ಹಳೇ ಶಾಲಾ ದಾಖಲೆ ನೋಡಿದರೆ ಜೂನ್ 1ಕ್ಕೆ ಹುಟ್ಟಿದವರೇ ಜಾಸ್ತಿ. ಮಾಸ್ತರು ಸುಮ್ನೆ ಬರೆದ ತಾರೀಖು ಅದು, ಅವರೆಲ್ಲ ಒಂದೇ ಕೆಲಸ ಮಾಡಿದರಾ?)

ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಮಾರ್ಚ್ 5ಕ್ಕೆ. ಅವರಿಗೂ ಭೀಮಸೇನರಿಗೂ ತಾರೀಖು ಒಂದಲ್ಲ, ಗುರು ಒಬ್ಬರೇ: ಕುಂದಗೋಳದ ಸವಾಯಿ ಗಂಧರ್ವರು. ಮನ್ಸೂರರಿಗೆ ಜೈಪುರ-ಅತ್ರೌಲಿ ಘರಾಣೆಯ ಹಾಡುವ ಶೈಲಿ ಬಂದದ್ದು ಮಂಜಿ ಖಾನ್, ಆಮೇಲೆ ಭುರ್ಜಿ ಖಾನ್ ಅವರ ಹತ್ತಿರ ಕಲಿತು.