ಅಜ್ಜನ ಮಾತನ್ನು ಅನುವಾದಿಸಬೇಡಿ

‘ಪ್ರೀತಿಗೆ ಭಾಷೆ ಬೇಕಿಲ್ಲ’ ಎಂದು ಯಾರಾದರೂ ಹೇಳಿದರೆ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ಹೊಟ್ಟೆ ತುಂಬಿದವರು ಉಪವಾಸವನ್ನು ಹೊಗಳಿದ ಹಾಗೆ.

ಆದ್ದರಿಂದ ‘ಡ್ರಾನ್ ಟುಗೆದರ್’ ಎಂಬ ಮಕ್ಕಳ ಚಿತ್ರಪುಸ್ತಕ ಕೈಗೆ ಬಂದಾಗ ಅನುಮಾನದಿಂದಲೇ ತೆರೆದೆ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಕಥೆ ಮಿನ್ ಲೇ ಅವರದು, ಚಿತ್ರಗಳು ಡ್ಯಾನ್ ಸ್ಯಾಂಟಾಟ್ ಅವರವು. ಹುಡುಗನನ್ನು ತಾಯಿ ಅಜ್ಜನ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ. ಇವನದು ಇಂಗ್ಲಿಷ್, ಅಜ್ಜನದು ಥಾಯ್. ಬೇಸತ್ತ ಹುಡುಗ ಮಾರ್ಕರ್ ಹಿಡಿದು ತನ್ನನ್ನೇ ಮಂತ್ರವಾದಿಯಾಗಿ ಬರೆದುಕೊಳ್ಳುತ್ತಾನೆ. ಅದನ್ನು ಕಂಡ ಅಜ್ಜ ತನ್ನ ಚಿತ್ರದ ಪುಸ್ತಕ, ಮಸಿ, ಕುಂಚ ತಂದು ಒಬ್ಬ ಯೋಧನನ್ನು ಬರೆಯುತ್ತಾನೆ. ಒಂದು ಕಡೆ ಬಣ್ಣದ ಅಬ್ಬರ, ಇನ್ನೊಂದು ಕಡೆ ಕಪ್ಪು ಗೆರೆಗಳ ನವಿರು.

ಇಷ್ಟಕ್ಕೇ ಮುಗಿದಿದ್ದರೆ ಪುಸ್ತಕವನ್ನು ಮಡಚಿ ಇಡುತ್ತಿದ್ದೆ. ಆದರೆ ಚಿತ್ರ ಬರೆದ ಮೇಲೂ ಅವರ ನಡುವಿನ ದೂರ ಡ್ರ್ಯಾಗನ್ ರೂಪದಲ್ಲಿ ಗರ್ಜಿಸುತ್ತ ಮರಳಿ ಬರುತ್ತದೆ. ಆಗ ಹುಡುಗ ಅಜ್ಜನ ಕುಂಚ ಹಿಡಿಯುತ್ತಾನೆ, ಅಜ್ಜ ಹುಡುಗನ ಮಾರ್ಕರ್ ಹಿಡಿಯುತ್ತಾನೆ. ಅಭ್ಯಾಸವಿಲ್ಲದ ಸಲಕರಣೆ ಹಿಡಿದ ಕೈ ಸ್ವಲ್ಪ ತಡವರಿಸಲೇಬೇಕು. ಭಾಷೆ ಕಲಿಯುವವರ ನಾಲಿಗೆಯೂ ಹಾಗೆಯೇ ಅಲ್ಲವೇ?

ನನಗೆ ಇದಕ್ಕಿಂತಲೂ ಹಿಡಿಸಿದ್ದು ಬೇರೆ. ಅಜ್ಜನ ಮಾತು ಥಾಯ್ ಲಿಪಿಯಲ್ಲೇ ಇದೆ, ಪಕ್ಕದಲ್ಲಿ ಅನುವಾದವಿಲ್ಲ. 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ, ಶಿಕ್ಷಣತಜ್ಞ ಕಮೀನಿಯಸ್‌ನ ಪ್ರಸಿದ್ಧ ಚಿತ್ರಪುಸ್ತಕದಲ್ಲಿ ಪ್ರತಿ ಚಿತ್ರದ ಜೊತೆ ಲ್ಯಾಟಿನ್ ಮತ್ತು ಜರ್ಮನ್ ಅಕ್ಕಪಕ್ಕ ಇದ್ದವು. ಮಗು ಒಂದರಿಂದ ಇನ್ನೊಂದಕ್ಕೆ ದಾಟಿಕೊಳ್ಳಬಹುದಿತ್ತು. ಇಲ್ಲಿ ಆ ದಾರಿಯನ್ನು ಬೇಕೆಂದೇ ಮುಚ್ಚಿದ್ದಾರೆ. ಥಾಯ್ ಬಾರದ ನಾನು ಹುಡುಗನ ಪಕ್ಕದಲ್ಲೇ ಪೆಚ್ಚಾಗಿ ಕುಳಿತಿದ್ದೆ. ಥಾಯ್ ಬಲ್ಲ ಮಗುವಿಗಾದರೋ ಇದು ಬೇರೆಯೇ ಪುಸ್ತಕ: ಅಜ್ಜ ಏನು ಹೇಳುತ್ತಿದ್ದಾನೆಂದು ತನಗೆ ಗೊತ್ತು, ಕಥಾನಾಯಕನಿಗೆ ಗೊತ್ತಿಲ್ಲ!

ಒಂದು ತಕರಾರು ಇದೆ. ಎರಡೂ ಕಡೆಯ ಕೊಂಡಿಯಾಗಿರುವ ತಾಯಿ ಕಥೆಯಲ್ಲಿ ಬಾಗಿಲವರೆಗೆ ಮಾತ್ರ ಬರುತ್ತಾಳೆ. ನಮ್ಮ ಮನೆಯಲ್ಲಿ ಆ ಜಾಗದಲ್ಲಿರುವವನು ಅಣ್ಣ. ಅವನ ಏಳು ವರ್ಷದ ಮಗಳಿಗೆ ಕನ್ನಡ ಬಾರದು. ಅಮ್ಮ ಫೋನಿನಲ್ಲಿ ಎರಡು ನಿಮಿಷ ಆಡಿದ ಮಾತನ್ನು ಅಣ್ಣ ‘ಚೆನ್ನಾಗಿದ್ದೀಯಾ ಎಂದು ಕೇಳುತ್ತಿದ್ದಾರೆ’ ಎಂಬಷ್ಟಕ್ಕೆ ಇಳಿಸಿ ದಾಟಿಸುತ್ತಾನೆ. ಅಮ್ಮ ಹೇಳಿದ ಕನಸು, ಕೇಳಿದ ಪ್ರಶ್ನೆ, ಮಾಡಿದ ತಮಾಷೆ ನಡುವೆಯೇ ಸೋರಿಹೋಗುತ್ತವೆ. ಮಗುವಿನ ತಪ್ಪೇನೂ ಇಲ್ಲ. ನಡುವಿನ ತಲೆಮಾರಿನ ನಮ್ಮ ಸೋಮಾರಿತನದ ಬಗ್ಗೆಯೂ ಯಾರಾದರೂ ಒಂದು ಚಿತ್ರಪುಸ್ತಕ ಬರೆಯಬೇಕು.

ಅಣ್ಣನ ಮಗಳಿಗೂ ಈ ಪುಸ್ತಕ ತೋರಿಸಿದೆ. ಥಾಯ್ ಅಕ್ಷರಗಳ ಮೇಲೆ ಬೆರಳಿಟ್ಟು ಏನೆಂದು ಕೇಳಿದಳು. ಗೊತ್ತಿಲ್ಲ ಎಂದೆ. ದೊಡ್ಡವರಿಗೂ ಗೊತ್ತಿಲ್ಲದ್ದು ಸಿಕ್ಕಿತೆಂದು ಅವಳಿಗೆ ಭಾರಿ ಖುಷಿ. ತಾನೇ ಅಜ್ಜನ ಮುಖ ನೋಡಿ, ಅರ್ಥ ಊಹಿಸಿ ನನಗೆ ಹೇಳಿಕೊಡತೊಡಗಿದಳು.

ಇದನ್ನು ಯಾರಾದರೂ ಕನ್ನಡಕ್ಕೆ ತರುವುದಾದರೆ ನನ್ನದೊಂದು ವಿನಂತಿ. ಹುಡುಗನ ಮಾತನ್ನು ಕನ್ನಡ ಮಾಡಿ, ಅಜ್ಜನನ್ನು ಥಾಯ್‌ನಲ್ಲೇ ಇರಲು ಬಿಡಿ.