ಅರ್ಧ ದಂಡದ ಆಸೆಗೆ ಚಲನ್ ಬಾಕಿ ಇಟ್ಟು ಕೂತವರಿಗೆ

ಓವರ್‌ಸ್ಪೀಡ್ ಚಲನ್ ಬಂದಿದೆ ಅಂತ ಯಾರಾದರೂ ಬಾಯಿಬಿಟ್ಟರೆ ಸಾಕು, ಸುತ್ತ ಇದ್ದವರೆಲ್ಲ ಒಂದೇ ರಾಗ ಹಾಡ್ತಾರೆ: "ಈಗ ಕಟ್ಬೇಡ ಗುರು, ಫಿಫ್ಟಿ ಪರ್ಸೆಂಟ್ ಬಿಟ್ಟಾಗ ಕಟ್ಟು." ಇವತ್ತೂ ಅದೇ ಮಾತು ಕಿವಿಗೆ ಬಿತ್ತು. ಕೇಳಿ ಕೇಳಿ ಸಿಟ್ಟು ನೆತ್ತಿಗೇರಿದೆ. ನೇರವಾಗಿ ವಿಷಯಕ್ಕೆ ಬರ್ತೀನಿ.

ಈ ಸಲಹೆ ಸುಮ್ಮನೆ ಹುಟ್ಟಿದ್ದಲ್ಲ, ಕರ್ನಾಟಕ ಸರ್ಕಾರವೇ ಹೇಳಿಕೊಟ್ಟ ಪಾಠ ಇದು. 2023ರ ಫೆಬ್ರವರಿ 3ರಿಂದ 11ರವರೆಗೆ ಬಾಕಿ ದಂಡಕ್ಕೆ ಅರ್ಧ ವಿನಾಯಿತಿ ಕೊಟ್ಟರು. ಬೆಂಗಳೂರೊಂದರಲ್ಲೇ ₹120 ಕೋಟಿಗೂ ಹೆಚ್ಚು ಬಂತು. ಜನ ಸ್ಟೇಷನ್ ಮುಂದೆ ಕ್ಯೂ ನಿಂತರು. ಮಾರ್ಚ್‌ನಲ್ಲಿ ಮತ್ತೆ ಕೊಟ್ಟರು, ಆಮೇಲೂ ಕೊಟ್ಟರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಂದು ಸುತ್ತು. ಹೀಗೆ ಆಗಾಗ ಬಾಗಿಲು ತೆಗೆದರೆ ಯಾರು ತಾನೇ ಸರಿಯಾದ ಹೊತ್ತಿಗೆ ಕಟ್ಟುತ್ತಾರೆ? ಚಲನ್ ಬಂದ ವಾರದಲ್ಲೇ ಪೂರ್ತಿ ₹1,000 ಕಟ್ಟಿದವನಿಗೆ ಏನೂ ಇಲ್ಲ, ಎರಡು ವರ್ಷ ತಲೆ ಮರೆಸಿಕೊಂಡವನಿಗೆ ₹500 ಉಳಿತಾಯ. ನನ್ನ ತಕರಾರು ಇದೊಂದೇ.

ಆದರೆ ಆ ಐನೂರಕ್ಕೆ ಕಾಯುವವರಿಗೆ ಕಾಯುವ ಖರ್ಚು ಎಷ್ಟು ಅಂತ ಗೊತ್ತಿಲ್ಲ. ಅದನ್ನು ಬಿಡಿಸಿ ಹೇಳ್ತೀನಿ.

ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಪ್ರಕಾರ ಕಾರಿನಂಥ ಲಘು ವಾಹನ ಅತಿವೇಗದಲ್ಲಿ ಹೋದರೆ ₹1,000ದಿಂದ ₹2,000, ಮಧ್ಯಮ ಮತ್ತು ಭಾರಿ ವಾಹನಕ್ಕೆ ₹2,000ದಿಂದ ₹4,000 ದಂಡ. ಕರ್ನಾಟಕದಲ್ಲಿ ರಾಜಿ ಮೊತ್ತ, ಅಂದರೆ ಕೋರ್ಟಿಗೆ ಹೋಗದೆ ಕಟ್ಟಿ ಮುಗಿಸುವ ದಂಡ, ಕಾರಿಗೆ ಸಾವಿರ. ಎಲ್ಲರ ಕಣ್ಣೂ ಈ ಸಾವಿರದ ಮೇಲೇ. ಅದೇ ಸೆಕ್ಷನ್ನಿನಲ್ಲಿ ಮುಂದೆ ಇನ್ನೊಂದು ಮಾತಿದೆ: ಎರಡನೇ ಸಲ ಸಿಕ್ಕಿದರೆ ಡ್ರೈವಿಂಗ್ ಲೈಸೆನ್ಸ್ ವಶಪಡಿಸಿಕೊಳ್ಳಬೇಕು. 2019ರ ತಿದ್ದುಪಡಿಯ ನಂತರ ಹೀಗೆ ವಶವಾದ ಲೈಸೆನ್ಸ್ ಮೊದಲ ಸಲ ಮೂರು ತಿಂಗಳು ಅಮಾನತು, ಮತ್ತೊಮ್ಮೆ ಆದರೆ ರದ್ದು. ಕಟ್ಟದೆ ಬಿಟ್ಟ ಚಲನ್‌ಗಳು ನಿಮ್ಮ ಗಾಡಿ ನಂಬರಿನ ಕೆಳಗೆ ದಿನಾಂಕ, ಜಾಗ, ವೇಗ ಸಮೇತ ಒಂದರ ಕೆಳಗೊಂದು ಸಾಲಾಗಿ ನಿಂತಿರುತ್ತವೆ. ಯಾವುದೋ ಜಂಕ್ಷನ್ನಿನಲ್ಲಿ ಬೇರೆ ಕಾರಣಕ್ಕೆ ಕೈ ಅಡ್ಡ ಹಾಕಿದ ಪೊಲೀಸರು ನಂಬರ್ ಹೊಡೆದ ತಕ್ಷಣ ಅಷ್ಟೂ ಪರದೆ ಮೇಲೆ. ಆಗ ಚೌಕಾಸಿಗೆ ಜಾಗವೇ ಇಲ್ಲ. ಸ್ಕೂಟರಿನ ಬೆಲೆಯನ್ನೇ ಮೀರಿಸಿದ ಬಾಕಿಗಳ ಸುದ್ದಿ ಓದಿದ್ದೀರಲ್ಲ? ಅವೆಲ್ಲ ಬೆಳೆದದ್ದು "ಆಮೇಲೆ ನೋಡೋಣ" ಅಂದದ್ದರಿಂದಲೇ.

ಕಟ್ಟದಿದ್ದರೆ ಪ್ರಕರಣ ಕೋರ್ಟಿಗೆ ಹೋಗುತ್ತದೆ. ಅಲ್ಲಿಗೆ ಹೋದ ಮೇಲೆ ಮೊತ್ತ ನಿಗದಿ ಮಾಡುವವರು ಮ್ಯಾಜಿಸ್ಟ್ರೇಟ್, ಪೊಲೀಸರಲ್ಲ. ಸಮನ್ಸ್ ಬರುತ್ತದೆ. ಅದನ್ನು ಡ್ರಾಯರಿನಲ್ಲಿ ಹಾಕಿ ಮರೆತರೆ ವಾರಂಟ್ ಹೊರಡಿಸುವ ಅಧಿಕಾರ ಕೋರ್ಟಿಗಿದೆ. ಸಾವಿರ ರೂಪಾಯಿಗೆ ಯಾರು ವಾರಂಟ್ ಹಾಕ್ತಾರೆ ಅನ್ನಬೇಡಿ. ವಾರಂಟ್ ಬರುವುದು ಸಾವಿರ ರೂಪಾಯಿಗಲ್ಲ, ಕೋರ್ಟ್ ಕರೆದಾಗ ಹೋಗದಿದ್ದಕ್ಕೆ.

"ಆರು ತಿಂಗಳು ಕಳೆದರೆ ಕೇಸು ಸತ್ತಂತೆ" ಅನ್ನುವ ವಕೀಲಿ ಮಾತೂ ಚಾಲ್ತಿಯಲ್ಲಿದೆ. ಅರ್ಧ ನಿಜ. ಬರೀ ದಂಡದ ಶಿಕ್ಷೆಯಿರುವ ಅಪರಾಧವನ್ನು ಕೋರ್ಟ್ ಆರು ತಿಂಗಳೊಳಗೆ ವಿಚಾರಣೆಗೆ ತೆಗೆದುಕೊಳ್ಳಬೇಕು ಅಂತ ಹಳೇ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 468ನೇ ಸೆಕ್ಷನ್ ಹೇಳುತ್ತಿತ್ತು, ಅದರ ಜಾಗಕ್ಕೆ ಬಂದ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514 ಕೂಡ ಅದನ್ನೇ ಹೇಳುತ್ತದೆ. ಆದರೆ ನ್ಯಾಯದ ದೃಷ್ಟಿಯಿಂದ ಆ ವಿಳಂಬವನ್ನು ಮನ್ನಿಸುವ ಅಧಿಕಾರವೂ ಕೋರ್ಟಿಗಿದೆ. ಅದಕ್ಕಿಂತ ಮುಖ್ಯ, ಆರು ತಿಂಗಳಾಯ್ತು ಅಂತ ಕಂಪ್ಯೂಟರಿನಲ್ಲಿರುವ ಬಾಕಿ ತಾನಾಗಿ ಅಳಿಸಿಹೋಗುವುದಿಲ್ಲ. ಅವಧಿ ಮೀರಿದೆ ಅಂತ ವಾದಿಸಿ ತೆಗೆಸಿಕೊಳ್ಳಬೇಕಾದವರು ನೀವು. ಅದಕ್ಕೆ ಕೊಡುವ ಫೀಸಿನಲ್ಲಿ ಎಷ್ಟು ಚಲನ್ ಕಟ್ಟಬಹುದು ಅಂತ ಲೆಕ್ಕ ಹಾಕಿ.

ನಿಜವಾದ ಪೆಟ್ಟು ಬೀಳುವುದು ಗಾಡಿ ಮಾರುವಾಗ. ದಂಡ ಗಾಡಿ ನಂಬರಿಗೆ ಅಂಟಿಕೊಂಡಿರುತ್ತದೆ. ಹೆಸರು ವರ್ಗಾವಣೆಗೆ, ಬೇರೆ ರಾಜ್ಯಕ್ಕೆ ಒಯ್ಯಲು ಬೇಕಾದ ನಿರಾಕ್ಷೇಪಣಾ ಪತ್ರ ಅಂದರೆ ಎನ್‌ಒಸಿಗೆ, ಟ್ಯಾಕ್ಸಿ ಲಾರಿಗಳಾದರೆ ಫಿಟ್ನೆಸ್ ಪ್ರಮಾಣಪತ್ರ ಅಂದರೆ ಎಫ್‌ಸಿಗೆ ಹೋದಾಗ ಬಾಕಿ ಚಲನ್ ಅಡ್ಡ ಬರುತ್ತದೆ. ಕೊಳ್ಳುವವನು ಮುಂದೆ ಕೂತು ಕಾಯುತ್ತಿದ್ದಾಗ ಯಾವ ರಿಯಾಯಿತಿಯೂ ನಿಮ್ಮ ಕೈ ಹಿಡಿಯುವುದಿಲ್ಲ. ಇನ್ನೊಂದು ಕಡೆ, ಗಾಡಿ ಮಾರಿಯೂ ಹೆಸರು ಬದಲಾಯಿಸದೆ ಬಿಟ್ಟವರು. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಅದಕ್ಕೇ ಫಾರಂ 29 ಇರುವುದು. ತಿಳಿಸದಿದ್ದರೆ ಹೊಸ ಮಾಲೀಕ ಓಡಿಸಿದ ವೇಗಕ್ಕೆ ನೋಟಿಸ್ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಅಡ್ವಾನ್ಸ್ ಕೊಡುವ ಮುಂಚೆ ನಂಬರ್ ಹಾಕಿ ಎರಡೂ ಕಡೆ ನೋಡಿ, ಕರ್ನಾಟಕ ಪೊಲೀಸರ ವ್ಯವಸ್ಥೆಯಲ್ಲೂ ಕೇಂದ್ರ ಸರ್ಕಾರದ ಪರಿವಾಹನ್ ಇ-ಚಲನ್ ಪೋರ್ಟಲ್‌ನಲ್ಲೂ. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಇರಬಹುದು.

ಹಾಗಂತ ಬಂದ ಚಲನ್ನೆಲ್ಲ ಕಣ್ಣುಮುಚ್ಚಿ ಕಟ್ಟಿ ಅಂತ ನಾನು ಹೇಳ್ತಿಲ್ಲ. ಮೊದಲು ಚಲನ್ ಜೊತೆಗಿರುವ ಫೋಟೊ ತೆರೆದು ದೊಡ್ಡದು ಮಾಡಿ ನೋಡಿ. ಕ್ಯಾಮೆರಾ 8 ಅನ್ನು ಬಿ ಅಂತಲೂ, ಸೊನ್ನೆಯನ್ನು ಡಿ ಅಂತಲೂ ಓದುವುದುಂಟು, ಫ್ಯಾನ್ಸಿ ಅಕ್ಷರದ ನಂಬರ್ ಪ್ಲೇಟ್ ಇದ್ದರಂತೂ ಕೇಳುವುದೇ ಬೇಡ. ನಿಮ್ಮದು ಬಿಳಿ ಕಾರು, ಫೋಟೊದಲ್ಲಿರುವುದು ಕಪ್ಪು ಸ್ಕೂಟರ್ ಆಗಿದ್ದರೆ ಆರ್‌ಸಿ ಪ್ರತಿ, ನಿಮ್ಮ ಗಾಡಿಯ ಮುಂದಿನ ಹಿಂದಿನ ಫೋಟೊ ಇಟ್ಟು ಬರವಣಿಗೆಯಲ್ಲಿ ದೂರು ಕೊಡಿ. ಅದೇ ನಂಬರನ್ನು ಬೇರೆಯವರು ಹಾಕಿಕೊಂಡು ಓಡಾಡುತ್ತಿದ್ದರೆ ದೂರು ತಡ ಮಾಡಲೇಬೇಡಿ. ಕೇಂದ್ರ ಮೋಟಾರು ವಾಹನ ನಿಯಮ 167ಎ, 2021ರಲ್ಲಿ ಬಂದದ್ದು, ನಿಮ್ಮ ಪರವಾಗಿಯೂ ಇದೆ: ವೇಗ ಅಳೆಯುವ ಯಂತ್ರಕ್ಕೆ ಪ್ರತಿವರ್ಷ ನವೀಕರಿಸಿದ ಪ್ರಮಾಣಪತ್ರ ಇರಬೇಕು, ಕ್ಯಾಮೆರಾ ಇರುವ ರಸ್ತೆಯಲ್ಲಿ ಮೊದಲೇ ಎಚ್ಚರಿಕೆ ಫಲಕ ಇರಬೇಕು, ಉಲ್ಲಂಘನೆಯಾದ 15 ದಿನದೊಳಗೆ ನೋಟಿಸ್ ಕಳಿಸಬೇಕು, ಫೋಟೊ ಜೊತೆ ಯಂತ್ರ ಅಳೆದ ವೇಗವೂ ಇರಬೇಕು. ಇದರಲ್ಲಿ ಯಾವುದು ತಪ್ಪಿದ್ದರೂ ಪ್ರಶ್ನೆ ಮಾಡಿ. ಆದರೆ ಬೇಗ ಮಾಡಿ. ಎರಡು ವರ್ಷ ಸುಮ್ಮನಿದ್ದು, ರಿಯಾಯಿತಿ ಕ್ಯೂನಲ್ಲಿ ನಿಂತು "ಇದು ನನ್ನ ಗಾಡಿಯೇ ಅಲ್ಲ" ಅಂದರೆ ಯಾರೂ ಕೇಳುವುದಿಲ್ಲ.

130 ಕಿ.ಮೀ. ದಾಟಿ ಓಡಿಸುವವರಿಗೆ ಈ ಕಾಯುವ ಆಟ ಇಲ್ಲವೇ ಇಲ್ಲ. 2024ರ ಆಗಸ್ಟ್ 1ರಿಂದ ಕರ್ನಾಟಕದಲ್ಲಿ ಆ ವೇಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 281ರ (ಅಜಾಗರೂಕ ಚಾಲನೆ) ಅಡಿ ಎಫ್‌ಐಆರ್. ಆರು ತಿಂಗಳವರೆಗೆ ಜೈಲು ಇರುವ ಸೆಕ್ಷನ್ ಅದು. ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಕೈತೊಳೆದುಕೊಳ್ಳುವಂಥದ್ದಲ್ಲ.

ಕಟ್ಟುವಾಗ ಒಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ "ನಿಮ್ಮ ಚಲನ್" ಅಂತ ಎಪಿಕೆ ಫೈಲ್ (ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಒತ್ತಲೇಬೇಡಿ. ಅದು ಒಟಿಪಿ ಕದ್ದು ಖಾತೆ ಖಾಲಿ ಮಾಡುವ ದಂಧೆ. ಕೇಂದ್ರದ ಪೋರ್ಟಲ್ ವಿಳಾಸ ಜಿಒವಿ ಡಾಟ್ ಇನ್ ಅಂತ ಮುಗಿಯುತ್ತದೆ. ಲಿಂಕ್ ಮೇಲೆ ನಂಬಿಕೆ ಇಲ್ಲದಿದ್ದರೆ ಕರ್ನಾಟಕ ಒನ್ ಕೇಂದ್ರಕ್ಕೋ ಹತ್ತಿರದ ಟ್ರಾಫಿಕ್ ಸ್ಟೇಷನ್ನಿಗೋ ಹೋಗಿ ರಸೀದಿ ತಗೊಳ್ಳಿ. ಒಂದೆರಡು ದಿನ ಬಿಟ್ಟು ಮತ್ತೆ ನಂಬರ್ ಹಾಕಿ, ಬಾಕಿ ಅಳಿಸಿದೆಯಾ ನೋಡಿ.

ರಿಯಾಯಿತಿ ಕೊಟ್ಟರೆ ಖಜಾನೆಗೆ ದುಡ್ಡು ಬರುತ್ತದೆ, ಕೋರ್ಟಿನ ಹೊರೆ ಇಳಿಯುತ್ತದೆ ಅಂತ ಹೇಳುವವರಿದ್ದಾರೆ. ಬರುತ್ತದೆ, ಒಪ್ಪಿದೆ. ಆದರೆ ಮುಂದಿನ ವರ್ಷದ ಬಾಕಿಯನ್ನೂ ಅದೇ ಬೆಳೆಸುತ್ತದೆ. ಸ್ಪೇನ್‌ನಲ್ಲಿ 20 ದಿನದೊಳಗೆ ಕಟ್ಟಿದವರಿಗೆ ದಂಡ ಅರ್ಧ. ಇಟಲಿಯಲ್ಲಿ ಐದು ದಿನದೊಳಗೆ ಕಟ್ಟಿದರೆ ಶೇ. 30 ಕಡಿಮೆ. ಬೇಗ ಬಂದವರಿಗೆ ಲಾಭ, ತಡ ಮಾಡಿದವರಿಗೆ ಪೂರ್ತಿ. ನಮ್ಮಲ್ಲೂ ಮೊದಲ 15 ದಿನಕ್ಕೆ ಅದೇ ಅರ್ಧ ಬಿಡಲಿ, 16ನೇ ದಿನದಿಂದ ಒಂದು ರೂಪಾಯಿಯೂ ಬಿಡದಿರಲಿ. ಸಾರಿಗೆ ಸಚಿವರಿಗೂ ಗೃಹ ಸಚಿವರಿಗೂ ನಾನು ಕೇಳುವುದು ಇಷ್ಟೇ.